ಕಾಫಿ ಬಿಡಲಿಲ್ಲ, ಹೊತ್ತು ಬದಲಿಸಿದೆ

ರಾತ್ರಿ ಎರಡೂವರೆಗೆ ಎಚ್ಚರವಾಗಿ ಫ್ಯಾನ್ ನೋಡುತ್ತಾ ಮಲಗಿರುವುದು ನನಗೆ ಎರಡು ವರ್ಷದಿಂದ ಅಭ್ಯಾಸವಾಗಿಬಿಟ್ಟಿತ್ತು. ವಯಸ್ಸು 46. ಇದೆಲ್ಲ ಆ ವಯಸ್ಸಿಗೆ ಇದ್ದದ್ದೇ ಅಂತ ನಾನೂ ಅಂದುಕೊಂಡೆ, ಅಕ್ಕನೂ ಅಂದಳು. ಜೊತೆಗೆ ಎರಡು ಮಹಡಿ ಹತ್ತಿದರೆ ಏದುಸಿರು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 9.4. ಕಬ್ಬಿಣದ ಮಾತ್ರೆ ಬರೆದುಕೊಟ್ಟರು, ಮೂರು ತಿಂಗಳು ತಪ್ಪದೆ ನುಂಗಿದೆ, ಮತ್ತೆ ನೋಡಿದರೆ 9.8. ಬರೀ ಅಷ್ಟೇ.

ಎರಡನೇ ಸಲ ತೋರಿಸಿದ ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಕೇಳಿದರು, "ಮಾತ್ರೆ ಯಾವಾಗ ತಗೋತೀರಿ?" ತಿಂಡಿ ಆದ ಮೇಲೆ ಮೇಡಂ, ನೀರಲ್ಲೇ ಅಂದೆ. "ಆಮೇಲೆ?" ಆಮೇಲೆ ಕಾಫಿ. ಹನುಮಂತನಗರದಲ್ಲಿ ಹುಟ್ಟಿ ಬೆಳೆದವಳಿಗೆ ತಿಂಡಿ ಆದ ಮೇಲೆ ಕಾಫಿ ಅಲ್ಲದೆ ಇನ್ನೇನಿರುತ್ತೆ ಹೇಳಿ? ಅವರು ನಕ್ಕರು. "ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ಕೋತಿದ್ದೀರಿ" ಅಂದರು.

ವಿಷಯ ಏನಂದ್ರೆ, ಕಾಫಿಯಲ್ಲಿರುವ ಪಾಲಿಫಿನಾಲ್ ಅನ್ನೋ ಅಂಶ ಹೊಟ್ಟೆಯಲ್ಲಿ ಕಬ್ಬಿಣವನ್ನು ಹಿಡಿದುಕೊಂಡುಬಿಡುತ್ತದೆ, ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಇದು ಕೆಫೀನ್ ಕೆಲಸ ಅಲ್ಲ, ಹಾಗಾಗಿ ಕೆಫೀನ್ ತೆಗೆದ ಕಾಫಿ ಕುಡಿದರೂ ಇದೇ ಕಥೆ, ಟೀ ಅಂತೂ ಇನ್ನೂ ಜಾಸ್ತಿ. ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣಕ್ಕೇ ಇದರ ಏಟು ಹೆಚ್ಚು, ಅಂದರೆ ನಮ್ಮಂಥ ಸಸ್ಯಾಹಾರಿಗಳ ಮನೆಗೇ. ನನಗೆ ಆಶ್ಚರ್ಯ ಆಗಿದ್ದು ಇನ್ನೊಂದು: ಊಟಕ್ಕೆ ಒಂದು ಗಂಟೆ ಮೊದಲು ಕುಡಿದರೆ ಅಷ್ಟು ತೊಂದರೆ ಇಲ್ಲವಂತೆ, ಊಟ ಆಗಿ ಒಂದು ಗಂಟೆ ಬಿಟ್ಟು ಕುಡಿದರೂ ತೊಂದರೆ ಇದೆಯಂತೆ. ನಾವು ಮಾಡುವುದು ಸರಿಯಾಗಿ ಉಲ್ಟಾ.

ಮನೆಗೆ ಬಂದು, ನಿದ್ದೆ ಕೆಡಿಸುವ ಕೆಫೀನ್ ದಿನಕ್ಕೆ ಎಷ್ಟು ಒಳಗೆ ಹೋಗುತ್ತಿದೆ ಅಂತ ಲೆಕ್ಕ ಹಾಕಲು ಕೂತೆ. ನನ್ನ ಕೆಲಸವೇ ಅಕೌಂಟ್ಸ್, ಲೆಕ್ಕ ಇಲ್ಲದೆ ನನಗೆ ಯಾವುದೂ ತಲೆಗೆ ಹೋಗುವುದಿಲ್ಲ. ತಿಂಗಳಿಗೆ 2 ಕೆಜಿ ಪುಡಿ ತರುತ್ತೇವೆ, ಕುಡಿಯುವವರು ನಾನು ಮತ್ತು ನಮ್ಮನೆಯವರು ಇಬ್ಬರೇ. ಅಂದರೆ ನನ್ನ ಪಾಲು ದಿನಕ್ಕೆ 33 ಗ್ರಾಂ. ಅದರಲ್ಲಿ ಕಾಲು ಭಾಗ ಚಿಕೋರಿ, ಅದು ಬೇರು, ಅದರಲ್ಲಿ ಕೆಫೀನ್ ಇಲ್ಲವೇ ಇಲ್ಲ. ಉಳಿದ 25 ಗ್ರಾಂನಲ್ಲಿ ಎರಡು ಜಾತಿಯ ಕಾಫಿ ಬೀಜ, ಅರ್ಧ ಅರೇಬಿಕಾ, ಅರ್ಧ ರೋಬಸ್ಟಾ. ಅರೇಬಿಕಾದಲ್ಲಿ ಕೆಫೀನ್ ಸುಮಾರು ನೂರಕ್ಕೆ 1.2 ಪಾಲು, ರೋಬಸ್ಟಾದಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು, 2.2 ಅಂತ ಹಿಡಿದೆ. ಕೂಡಿದರೆ 425 ಮಿಲಿಗ್ರಾಂ. "ಐದು ಜಾಸ್ತಿ ಆಯ್ತು, ಇಲ್ಲಾಂದ್ರೆ ನಿನಗೆ ಸರಿಯಾಗಿ ಹೊಂದ್ತಿತ್ತು" ಅಂತ ನಮ್ಮನೆಯವರ ತಮಾಷೆ ಬೇರೆ. ಡಿಕಾಕ್ಷನ್‌ಗೆ ಎಲ್ಲವೂ ಇಳಿಯುವುದಿಲ್ಲ ಅಂತ ಸ್ವಲ್ಪ ಕಳೆದರೂ, ಆಫೀಸಿನ ಮೆಷಿನ್ ಕಾಫಿ ಎರಡು ಸೇರಿಸಿದರೆ ಮತ್ತೆ ಅಲ್ಲಿಗೇ ಬರುತ್ತೆ. ಆರೋಗ್ಯವಾಗಿರುವ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ ಪರವಾಗಿಲ್ಲ ಅಂತ ಅಮೆರಿಕದವರೂ ಯುರೋಪಿನವರೂ ಹೇಳುವ ಲೆಕ್ಕ, ಬಸುರಿಯರಿಗೆ 200. ನಾನು ಅಂಚು ದಾಟಿದ್ದೆ, ಅದೂ ಗೊತ್ತೇ ಇಲ್ಲದೆ.

ಇನ್ನು ಸಕ್ಕರೆ. ದಿನಕ್ಕೆ ಆರು ಲೋಟ, ಲೋಟಕ್ಕೆ ಎರಡು ಚಮಚ, ಚಮಚಕ್ಕೆ 4 ಗ್ರಾಂ ಅಂದ್ರೂ 48 ಗ್ರಾಂ. ಇದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಮೊದಲು ಮಾಡಿದ್ದು ದಡ್ಡತನ. ಸೋಮವಾರದಿಂದ ಕಾಫಿ ಬಂದ್ ಅಂದೆ. ಸೋಮವಾರ ಏನೋ ಹುಮ್ಮಸ್ಸಿನಲ್ಲಿ ಕಳೆಯಿತು. ಮಂಗಳವಾರ ಬೆಳಿಗ್ಗೆ ಎದ್ದಾಗಲೇ ಕಣ್ಣ ಹಿಂದೆ ಏನೋ ಭಾರ, ಹನ್ನೊಂದು ಗಂಟೆಗೆ ತಲೆ ಸಿಡಿದುಹೋಗುವಷ್ಟು ನೋವು, ಜಿಎಸ್‌ಟಿ ಹಾಳೆಯಲ್ಲಿ ಅಂಕಿ ಈಜಾಡುತ್ತಿದ್ದವು. ಪಕ್ಕದ ಸೀಟಿನ ಹುಡುಗಿ ಒಂದು ಪ್ರಶ್ನೆ ಕೇಳಿದ್ದಕ್ಕೆ ರೇಗಿದೆ, ಪಾಪ. ಬುಧವಾರ ಸಂಜೆ ಬಸ್ಸಿಳಿದವಳೇ ದರ್ಶಿನಿಯ ಮುಂದೆ ನಿಂತು ಒಂದು ಸ್ಟ್ರಾಂಗ್ ಕುಡಿದೆ. ಅರ್ಧ ಗಂಟೆಯಲ್ಲಿ ತಲೆನೋವು ಮಾಯ! ಆಮೇಲೆ ಓದಿದರೆ ಇದಕ್ಕೂ ಕಾರಣ ಇದೆ. ದಣಿವಾಗಿದೆ ಮಲಗು ಅಂತ ಮೆದುಳಿಗೆ ಹೇಳುವುದು ಅಡಿನೋಸಿನ್. ಅದು ಕೂರುವ ಜಾಗದಲ್ಲಿ ಕೆಫೀನ್ ಹೋಗಿ ಕೂತುಬಿಡುತ್ತದೆ. ವರ್ಷಗಟ್ಟಲೆ ಹೀಗೆ ಮಾಡಿದರೆ ಮೆದುಳು ಅಂಥ ಜಾಗಗಳನ್ನು ಹೆಚ್ಚಿಸಿಕೊಳ್ಳುತ್ತದೆ, ದಿಢೀರನೆ ಕಾಫಿ ನಿಲ್ಲಿಸಿದರೆ ಅಷ್ಟೂ ಖಾಲಿ ಬಿದ್ದು ಅಡಿನೋಸಿನ್ ನುಗ್ಗುತ್ತದೆ, ತಲೆಯ ರಕ್ತನಾಳಗಳು ಹಿಗ್ಗುತ್ತವೆ. ನಿಲ್ಲಿಸಿದ 12ರಿಂದ 24 ಗಂಟೆಯೊಳಗೆ ಶುರುವಾಗಿ ಒಂದು ವಾರದವರೆಗೂ ಕಾಡಬಹುದು. ಗೊತ್ತಿದ್ದರೆ ಮಾರ್ಚ್ ಕೊನೆಯಲ್ಲಂತೂ ನಿಲ್ಲಿಸುತ್ತಿರಲಿಲ್ಲ.

ಎರಡನೇ ಸಲ ಬುದ್ಧಿ ಉಪಯೋಗಿಸಿದೆ. ಗಾಂಧಿ ಬಜಾರಿನ ಕಡೆ ನಾವು ಪುಡಿ ತರುವ ಅಂಗಡಿಗೆ ಹೋಗಿ, ರೋಬಸ್ಟಾ ಬೇಡ, ಪೂರ್ತಿ ಪ್ಲಾಂಟೇಷನ್ (ಅಂಗಡಿಯಲ್ಲಿ ಅರೇಬಿಕಾಗೆ ಹೇಳುವ ಹೆಸರು) ಹಾಕಿ, ಚಿಕೋರಿ ಮೊದಲಿನಷ್ಟೇ ಇರಲಿ ಅಂದೆ. ಅಂಗಡಿಯವರು ಬೀಜ ಮೆಷಿನ್ನಿಗೆ ಸುರಿಯುವ ಮೊದಲು ನನ್ನ ಮುಖ ನೋಡಿದರು. "ಅಮ್ಮ, ಗಟ್ಟಿ ಬರಲ್ಲ, ಆಮೇಲೆ ನನ್ನ ಬೈಬೇಡಿ." ನಿಜ, ಮೊದಲ ವಾರ ಡಿಕಾಕ್ಷನ್ ತೆಳ್ಳಗೆ ಅನ್ನಿಸಿತು, ಹಾಲಿಗೆ ಹಾಕಿದರೆ ಆ ಬಣ್ಣವೇ ಬರುತ್ತಿರಲಿಲ್ಲ. ಫಿಲ್ಟರ್‌ನಲ್ಲಿ ಪುಡಿಯನ್ನು ಸ್ವಲ್ಪ ಒತ್ತಿ, ಬಿಸಿನೀರು ಒಂದೇ ಸಲ ಸುರಿಯದೆ ಮೊದಲು ನೆನೆಯುವಷ್ಟು ಹಾಕಿ, ಎರಡು ನಿಮಿಷ ಬಿಟ್ಟು ಉಳಿದದ್ದು ಹಾಕಲು ಶುರುಮಾಡಿದೆ. ಹನಿ ಹನಿಯಾಗಿ ಇಳಿಯಲು ಬಿಟ್ಟರೆ ಅರೇಬಿಕಾದ ಘಮವೇ ಬೇರೆ. ಬರೀ ಈ ಪುಡಿ ಬದಲಿಸಿದ್ದರಿಂದಲೇ 425 ಇದ್ದದ್ದು 300ಕ್ಕೆ ಇಳಿಯಿತು, ಒಂದು ಲೋಟವನ್ನೂ ಬಿಡದೆ, ತಲೆನೋವೂ ಇಲ್ಲದೆ. ಆಮೇಲೆ ವಾರಕ್ಕೊಂದರಂತೆ ಮೂರು ಲೋಟ ಕಳೆದೆ. ಮೆಷಿನ್ ಕಾಫಿ ಬಿಡಲು ಸಂಕಟವೇ ಆಗಲಿಲ್ಲ ಬಿಡಿ, ಅದನ್ನು ಕುಡಿಯುತ್ತಿದ್ದದ್ದೇ ಸೀಟಿನಿಂದ ಏಳಲು ಒಂದು ನೆಪಕ್ಕೆ.

ಕಷ್ಟ ಆದದ್ದು ಸಂಜೆ ಆರೂವರೆಯದ್ದು. ಕೆಫೀನ್ ಅರ್ಧ ಕರಗಲು ಸುಮಾರು 5 ಗಂಟೆ ಬೇಕು. ಆರೂವರೆಗೆ ಕುಡಿದದ್ದರಲ್ಲಿ ಅರ್ಧ ರಾತ್ರಿ ಹನ್ನೊಂದೂವರೆಗೆ ಮೈಯಲ್ಲೇ ಇರುತ್ತದೆ. ನಿದ್ದೆ ಬಂದರೂ ಆಳಕ್ಕೆ ಹೋಗುವುದಿಲ್ಲ. ನಮ್ಮನೆಯವರು ಒಂಬತ್ತಕ್ಕೆ ಕುಡಿದು ಹತ್ತಕ್ಕೆ ಗೊರಕೆ ಹೊಡೆಯುತ್ತಾರೆ, ಒಬ್ಬೊಬ್ಬರ ಲಿವರ್ ಕರಗಿಸುವ ವೇಗ ಒಂದೊಂದು, ಹೊಟ್ಟೆಕಿಚ್ಚು ಪಟ್ಟು ಏನೂ ಪ್ರಯೋಜನ ಇಲ್ಲ. ನಾನು ಕೊನೆಯ ಲೋಟವನ್ನು ಮಧ್ಯಾಹ್ನ ಹನ್ನೆರಡಕ್ಕೆ ತಂದೆ, ಊಟಕ್ಕೆ ಒಂದು ಗಂಟೆ ಮುಂಚೆ. ಬೆಳಿಗ್ಗೆ ಎದ್ದ ಕೂಡಲೇ ಒಂದು, ತಿಂಡಿ ಒಂದೂವರೆ ಗಂಟೆ ಬಿಟ್ಟು. ಕಬ್ಬಿಣದ ಮಾತ್ರೆ ರಾತ್ರಿಗೆ ಹೋಯಿತು, ನಿಂಬೆಹಣ್ಣಿನ ಪಾನಕದ ಜೊತೆ.

ಅತ್ತೆಯವರ ವಿಷಯವೂ ಇಲ್ಲೇ ಹೊರಬಿತ್ತು. ಅವರು ಕುಡಿಯುವುದು ದಿನಕ್ಕೆ ಒಂದೇ ಒಂದು, ಅದೂ ನನ್ನ ಲೋಟದಿಂದ ಬೈಟು ಮಾಡಿದ್ದು, ಅದಕ್ಕೇ ಅವರನ್ನು ಲೆಕ್ಕಕ್ಕೆ ಸೇರಿಸಿರಲಿಲ್ಲ. ಆದರೆ ಆ ಒಂದನ್ನು ಥೈರಾಯ್ಡ್ ಮಾತ್ರೆ ನುಂಗಿದ ಐದೇ ನಿಮಿಷಕ್ಕೆ ಕುಡಿಯುತ್ತಿದ್ದರು. ಆ ಮಾತ್ರೆಯೂ ಕಾಫಿ ಸೇರಿದರೆ ಸರಿಯಾಗಿ ಹೀರಿಕೊಳ್ಳುವುದಿಲ್ಲ, ಒಂದು ಗಂಟೆಯಾದರೂ ಬಿಡಬೇಕು. "ಅಷ್ಟು ಹೊತ್ತು ನಾನೇನು ಮಾಡಲಿ ಕಣೇ?" ಅಂದರು. ಹೂ ಬಿಡಿಸಿ ಅತ್ತೆ ಅಂದೆ. ಈಗ ಬಿಡಿಸುತ್ತಾರೆ, ಗಡಿಯಾರ ನೋಡಿಕೊಂಡು.

ಇಷ್ಟೆಲ್ಲ ಓದಿ ಕಾಫಿ ವಿಷ ಅಂದುಕೊಳ್ಳಬೇಡಿ. ಮಿತವಾಗಿ ಕುಡಿಯುವವರಲ್ಲಿ ಸಕ್ಕರೆ ಕಾಯಿಲೆ, ಪಾರ್ಕಿನ್ಸನ್, ಲಿವರ್ ತೊಂದರೆ ಕಡಿಮೆ ಕಾಣುತ್ತದೆ ಅನ್ನುವುದು ಹಲವು ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಬಂದಿದೆ. ಕಾಫಿಯಿಂದಲೇ ಹಾಗಾಯಿತು ಅಂತ ಸಾಬೀತಾಗಿಲ್ಲ, ಅದೂ ನಿಜ. 1991ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕಾಫಿಯನ್ನು ಅನುಮಾನದ ಪಟ್ಟಿಯಲ್ಲಿ ಇಟ್ಟಿತ್ತು, 2016ರಲ್ಲಿ ಆ ಪಟ್ಟಿಯಿಂದ ತೆಗೆಯಿತು. ಆದರೆ ಅದೇ ವರ್ಷ, 65 ಡಿಗ್ರಿಗಿಂತ ಬಿಸಿಯಾದ ಯಾವ ಪಾನೀಯವೇ ಆಗಲಿ ಅನ್ನನಾಳಕ್ಕೆ ಒಳ್ಳೆಯದಲ್ಲ ಅಂತ ಎಚ್ಚರಿಸಿತು. ಅಂದರೆ ನಮ್ಮ ಅಜ್ಜಿಯರು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಎತ್ತಿ ಎತ್ತಿ ಹಾಕಿ ನೊರೆ ಬರಿಸುತ್ತಿದ್ದದ್ದು ಸುಮ್ನೆ ಅಲ್ಲ, ಹಾಗೆ ಆರಿಸಿ ಕುಡಿದರೆ ಸಾಕು. ಹೊಗೆಯಾಡುವಾಗಲೇ ಗಟಗಟ ಅಂತ ಮುಗಿಸುವ ನಮ್ಮನೆಯವರಿಗೆ ಇದನ್ನು ಹೇಳಿದೆ, ಬಿಸಿ ಇಲ್ಲದ ಕಾಫಿ ಕಷಾಯ ಅಂತ ಉತ್ತರ ಬಂತು.

ನಾಲ್ಕು ತಿಂಗಳಿಗೆ ಹಿಮೋಗ್ಲೋಬಿನ್ 11.9. ಮಾತ್ರೆ ಹಳೆಯದೇ, ಬದಲಾಗಿದ್ದು ಹೊತ್ತು ಮಾತ್ರ. ಎರಡೂವರೆಯ ಎಚ್ಚರ ಪೂರ್ತಿ ಹೋಗಿಲ್ಲ, ವಾರಕ್ಕೊಮ್ಮೆ ಬರುತ್ತದೆ, ಅದು ಬರುವುದು ಸಾಮಾನ್ಯವಾಗಿ ಭಾನುವಾರ ರಾತ್ರಿ. ಯಾಕಂದ್ರೆ ಭಾನುವಾರ ಸಂಜೆ ನಾವಿಬ್ಬರೂ ಗಾಂಧಿ ಬಜಾರಿಗೆ ನಡೆದುಕೊಂಡು ಹೋಗುತ್ತೇವೆ. ಹೂವು ತಗೊಂಡು, ಒಂದು ಮಸಾಲೆ ದೋಸೆ ಹಂಚಿಕೊಂಡು ತಿಂದು, ಆಮೇಲೆ ಕಾಫಿ. ಬೈಟು ಹೇಳ್ಲಾ ಅಂತ ಅವರು ಪ್ರತಿ ಸಲ ಕೇಳುತ್ತಾರೆ. ಬೇಡ, ಪೂರ್ತಿ ಹೇಳಿ ಅನ್ನುತ್ತೇನೆ.