ತರಗತಿಯಲ್ಲಿ ಮಗುವಿನ ಶುಗರ್ ಇಳಿದರೆ

ಟೈಪ್ 1 ಮಧುಮೇಹವಿರುವ ಮಗು ಇನ್ಸುಲಿನ್ (ರಕ್ತದ ಸಕ್ಕರೆ, ಅಂದರೆ ಶುಗರ್ ಇಳಿಸುವ ಚುಚ್ಚುಮದ್ದು) ತೆಗೆದುಕೊಂಡಾಗಿದೆ, ಊಟ ತಡವಾಯಿತು, ಇಲ್ಲವೇ ಪಿ.ಟಿ. ಪೀರಿಯಡ್‌ನಲ್ಲಿ ಎಂದಿಗಿಂತ ಹೆಚ್ಚು ಓಡಿತು. ಶುಗರ್ ಇಳಿಯಲು ಇಷ್ಟು ಸಾಕು. ಆಗ ಪಕ್ಕದಲ್ಲಿರುವವರು ಮೇಷ್ಟ್ರು, ಇಲ್ಲವೇ ಆಯಾ. ಅವರೇ ನಿಭಾಯಿಸಬಹುದು.

1. ಶಾಲೆ ಶುರುವಾಗುತ್ತಲೇ ವೈದ್ಯರು ಬರೆದ ಚೀಟಿ, ಗ್ಲುಕೋಮೀಟರ್ (ಶುಗರ್ ಅಳೆಯುವ ಮೀಟರ್), ಅದಕ್ಕೆ ಹಾಕುವ ಸ್ಟ್ರಿಪ್, ಗ್ಲೂಕೋಸ್ ಪುಡಿ, ಬಿಸ್ಕತ್ತು ಇರುವ ಡಬ್ಬಿಯನ್ನು ಪೋಷಕರಿಂದ ಪಡೆಯಿರಿ. ಅದು ತರಗತಿಯಲ್ಲೇ ಇರಲಿ. ಆಫೀಸಿನ ಬೀರುವಿನಲ್ಲಿ ಬೀಗ ಹಾಕಿಟ್ಟರೆ ಇದ್ದೂ ಇಲ್ಲದಂತೆ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಡಬೇಡಿ, ತೇವಕ್ಕೆ ಕೆಡುತ್ತವೆ.

2. ಬೆವರು, ಕೈನಡುಕ, ಬಿಳಿಚಿದ ಮುಖ, ಹಸಿವು ಕಂಡರೆ ಎಚ್ಚರ. ಸಣ್ಣ ಮಕ್ಕಳಿಗೆ ಹೇಳಿಕೊಳ್ಳಲು ಬರುವುದಿಲ್ಲ. ಸುಮ್ಮನೆ ಸಿಡುಕುತ್ತವೆ, ಮಂಕಾಗಿ ಕೂರುತ್ತವೆ, ನೋಟ್‌ಬುಕ್ಕಿನಲ್ಲಿ ಅಕ್ಷರ ಸೊಟ್ಟಗಾಗುತ್ತದೆ. ದಯವಿಟ್ಟು ಬೈಯಬೇಡಿ.

3. ಕೈ ತೊಳೆಸಿ, ಒರೆಸಿ. ಬೆರಳಿಗೆ ಬಾಳೆಹಣ್ಣಿನ ಅಂಟಿದ್ದರೂ ಮೀಟರ್ ಹೆಚ್ಚು ತೋರಿಸುತ್ತದೆ. ಬೆರಳ ತುದಿಯ ಪಕ್ಕಕ್ಕೆ ಚುಚ್ಚಿ, ನೋವು ಕಡಿಮೆ. ಶುಗರ್ 70 mg/dLಗಿಂತ ಕೆಳಗಿದ್ದರೆ ಸಿಹಿ ಕೊಡಬೇಕು. ಮೀಟರ್ ಸಿಗದಿದ್ದರೆ ಹುಡುಕುತ್ತಾ ಕೂರದೆ ಸಿಹಿ ಕೊಟ್ಟುಬಿಡಿ.

4. ಹೆಚ್ಚಿನವರು ತಪ್ಪುವುದು ಇಲ್ಲೇ. ದೊಡ್ಡ ಮಕ್ಕಳಿಗೆ 15 ಗ್ರಾಂ, ಅಂದರೆ ತುಂಬಿದ ಮೂರು ಟೀ ಚಮಚ ಗ್ಲೂಕೋಸ್ ಪುಡಿ ಅಥವಾ ಸಕ್ಕರೆಯನ್ನು ಅರ್ಧ ಲೋಟ ನೀರಿಗೆ ಹಾಕಿ ಕುಡಿಸಿ. ಸಣ್ಣವರಿಗೆ ಚೀಟಿಯಲ್ಲಿರುವಷ್ಟೇ. ಚಾಕೊಲೇಟ್ ಬೇಡವೇ ಬೇಡ: ಅದರ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡ ಮಾಡುತ್ತದೆ. ಡಯಟ್ ಕೋಲಾ, 'ಶುಗರ್ ಫ್ರೀ' ಜ್ಯೂಸ್ ಈ ಹೊತ್ತಿಗೆ ನೀರಿಗೆ ಸಮ. ಆಮೇಲೆ ಗಡಿಯಾರ ನೋಡಿ 15 ನಿಮಿಷ ಕಾಯಿರಿ. ಐದನೇ ನಿಮಿಷಕ್ಕೂ ಕೈ ನಡುಗುತ್ತಿದೆಯೆಂದು ಗಾಬರಿಯಲ್ಲಿ ಇನ್ನೊಂದು ಲೋಟ ಕುಡಿಸಿದರೆ ಮಧ್ಯಾಹ್ನಕ್ಕೆ ಶುಗರ್ ವಿಪರೀತ ಏರುತ್ತದೆ. ಮತ್ತೆ ಪರೀಕ್ಷಿಸಿ, ಇನ್ನೂ 70 ದಾಟಿಲ್ಲದಿದ್ದರೆ ಅಷ್ಟೇ ಪ್ರಮಾಣ ಮತ್ತೊಮ್ಮೆ. ಅಲ್ಲಿಯವರೆಗೆ ಮಗುವನ್ನು ನಲ್ಲಿಗಾಗಲಿ, ಶೌಚಾಲಯಕ್ಕಾಗಲಿ ಒಂಟಿಯಾಗಿ ಕಳಿಸಬೇಡಿ.

5. ಸರಿಹೋದ ಮೇಲೆ, ಊಟಕ್ಕೆ ಇನ್ನೂ ಗಂಟೆಗಿಂತ ಹೆಚ್ಚಿದ್ದರೆ ಎರಡು ಬಿಸ್ಕತ್ತು. ಪೋಷಕರಿಗೆ ಫೋನ್.

ಪ್ರಜ್ಞೆ ತಪ್ಪಿದರೆ ಅಥವಾ ಫಿಟ್ಸ್ ಬಂದರೆ ಬಾಯಿಗೆ ಏನನ್ನೂ ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ. ಇನ್ಸುಲಿನ್ ಮುಟ್ಟಲೇಬೇಡಿ.

ಶುಗರ್ ಏರಿದ ದಿನ ಮಗು ಪದೇ ಪದೇ ನೀರು, ಶೌಚಾಲಯ ಕೇಳುತ್ತದೆ, ತಡೆಯದೆ ಬಿಡಿ. ವಾಂತಿಯಾದರೆ ತಕ್ಷಣ ಪೋಷಕರನ್ನು ಕರೆಸಿ. ಪರೀಕ್ಷಾ ಕೊಠಡಿಗೂ ಡಬ್ಬಿ ಜೊತೆಗಿರಲಿ: ಸಿಬಿಎಸ್‌ಇ 2017ರಲ್ಲೇ ಬೋರ್ಡ್ ಪರೀಕ್ಷೆಗೆ ಗ್ಲೂಕೋಸ್ ಮಾತ್ರೆ, ಹಣ್ಣು, ತಿಂಡಿ ಒಯ್ಯಲು ಒಪ್ಪಿದೆ. ಕೊಠಡಿ ಮೇಲ್ವಿಚಾರಕರಿಗೆ ಹಿಂದಿನ ದಿನವೇ ತಿಳಿಸಿಡಿ.