ಮೊಳಕಾಲ್ಮೂರು ಸೀರೆ: ಅಸಲಿ ಯಾವುದು, ನಕಲಿ ಯಾವುದು?

ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಮದುವೆ ಜವಳಿ ತೆಗೆಯಲು ಹೋದಾಗ 'ಅಸಲಿ ಮೊಳಕಾಲ್ಮೂರು ಅಕ್ಕಾ' ಎಂಬ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಆ 'ಅಸಲಿ' ಅನ್ನುವ ಒಂದು ಪದದೊಳಗೆ ನಾಲ್ಕು ಪ್ರಶ್ನೆಗಳು ಅಡಗಿವೆ: ನೂಲು ರೇಷ್ಮೆಯೇ? ನೇಯ್ದದ್ದು ಕೈಮಗ್ಗದಲ್ಲೇ? ಜರಿ ಯಾವುದು? ನೇಯ್ದ ಊರು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರೇ? ಒಂದಕ್ಕೆ ಹೌದು ಅಂದ ಮಾತ್ರಕ್ಕೆ ಉಳಿದ ಮೂರಕ್ಕೂ ಹೌದು ಅಂತಲ್ಲ. ಮೋಸ ಹೋಗುವುದು ಬಹುಪಾಲು ಇಲ್ಲೇ.

ಮೊದಲು ಚೀಟಿಗಳನ್ನು ನೋಡಿ. 2004ರಲ್ಲಿ ಬಂದ ಸಿಲ್ಕ್ ಮಾರ್ಕ್ ನೂಲು ಅಪ್ಪಟ ರೇಷ್ಮೆ ಅನ್ನುತ್ತದೆ, ಅಷ್ಟೇ. ಪವರ್‌ಲೂಮ್, ಅಂದರೆ ಯಂತ್ರಮಗ್ಗದ ರೇಷ್ಮೆ ಸೀರೆಗೂ ಅದು ಸಿಗುತ್ತದೆ. 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಕೈಮಗ್ಗಕ್ಕೆ ಸಾಕ್ಷಿ. ಹತ್ತಿ ಸೀರೆಗೂ ಅದೇ ಗುರುತು. ಊರಿನ ಹೆಸರನ್ನು ಕಾಯುವುದು ಭೌಗೋಳಿಕ ಸೂಚಕ, ಅಂದರೆ ಜಿಐ. ಮೊಳಕಾಲ್ಮೂರು ಸೀರೆಗೆ ಅದು ಸಿಕ್ಕಿದೆ. ಚೀಟಿ ದಾರದಲ್ಲಿ ನೇತಾಡುತ್ತಿದ್ದರೆ ಅದನ್ನು ಬಿಚ್ಚಿ ಬೇರೆ ಸೀರೆಗೆ ಕಟ್ಟುವುದು ಎರಡು ನಿಮಿಷದ ಕೆಲಸ. ಹಾಗಾಗಿ ಹೊಲೊಗ್ರಾಮ್ ಇದೆಯೇ, ಮೇಲಿನ ಸಂಖ್ಯೆ ಸರಿಯಾಗಿ ಕಾಣುತ್ತದೆಯೇ ನೋಡಿ, ಆಮೇಲೆ ಬಟ್ಟೆಗೆ ಕೈ ಹಾಕಿ.

ನೂಲಿಗೆ ಬೆಂಕಿಯ ಪರೀಕ್ಷೆಯೇ ನಂಬಿಕೆಯದು. ಅಂಗಡಿಯವರನ್ನು ಕೇಳಿ, ಸೀರೆಯ ಕೊನೆಯಲ್ಲಿ ಬಿಡಿಯಾಗಿರುವ ಎಳೆಗಳಿಂದ ಎರಡು ಮೂರು ಸೆಂಟಿಮೀಟರ್ ಕತ್ತರಿಸಿಕೊಳ್ಳಿ. ಸೆರಗಿನ ಕುಚ್ಚಿನ ದಾರ ಬೇಡ. ಕುಚ್ಚನ್ನು ಎಷ್ಟೋ ಸಲ ಬೇರೆ ದಾರದಲ್ಲಿ ಕಟ್ಟಿರುತ್ತಾರೆ. ಉದ್ದಕ್ಕೆ ಓಡುವ ಹಾಸಿನ ಎಳೆ ಬೇರೆ, ಅಡ್ಡಕ್ಕೆ ಓಡುವ ಹೊಕ್ಕಿನ ಎಳೆ ಬೇರೆಯಾಗಿ ಸುಡಬೇಕು. ಹಾಸಿನಲ್ಲಿ ರೇಷ್ಮೆ ಹಾಕಿ ಹೊಕ್ಕಿನಲ್ಲಿ ಪಾಲಿಯೆಸ್ಟರ್ ತೂರಿಸುವುದು ಹಳೆಯ ಕೈಚಳಕ. ಬುಟ್ಟಾದ ಎಳೆ ಸಿಕ್ಕರೆ ಅದನ್ನೂ ಬಿಡಬೇಡಿ.

ರೇಷ್ಮೆ ಜ್ವಾಲೆಯಿಂದ ಮುದುಡಿ ಹಿಂದೆ ಸರಿಯುತ್ತದೆ, ನಿಧಾನ ಉರಿಯುತ್ತದೆ, ಬೆಂಕಿ ತೆಗೆದರೆ ತಾನೇ ಆರುತ್ತದೆ. ಕೂದಲು ಸುಟ್ಟ ವಾಸನೆ. ಉಳಿದ ಕಪ್ಪು ಬೂದಿ ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಆರುವ ತನಕ ಮುಟ್ಟಬೇಡಿ, ಬೊಬ್ಬೆ ಏಳುತ್ತದೆ. 'ಆರ್ಟ್ ಸಿಲ್ಕ್' ಹೆಸರಿನ ರೇಯಾನ್ ಭಗ್ಗನೆ ಉರಿದು ಕಾಗದ ಸುಟ್ಟ ವಾಸನೆ ಬಿಡುತ್ತದೆ. ಉಂಗುರದೊಳಗೆ ಸೀರೆ ಎಳೆದು ತೋರಿಸುವುದನ್ನು ಮಾತ್ರ ನಂಬಬೇಡಿ. ತೆಳು ಪಾಲಿಯೆಸ್ಟರ್ ಸಲೀಸಾಗಿ ಹಾಯುತ್ತದೆ, ಜರಿ ತುಂಬಿದ ಅಪ್ಪಟ ರೇಷ್ಮೆ ಸಿಕ್ಕಿಕೊಳ್ಳುತ್ತದೆ.

ಮಗ್ಗ ಯಾವುದೆಂದು ಹೇಳುವುದು ಅಂಚು. ಹೊಕ್ಕಿನ ಎಳೆಯನ್ನು ಅತ್ತಿತ್ತ ಒಯ್ಯುವ ಸಾಧನವೇ ಲಾಳಿ. ಮೂರು ಲಾಳಿಯ ಸೀರೆಯಲ್ಲಿ ಎರಡು ಅಂಚಿಗೆ ಎರಡು ಲಾಳಿ, ಒಡಲಿಗೆ ಒಂದು. ಒಡಲಿನ ಹೊಕ್ಕು ಅಂಚಿನೊಳಗೆ ಹೋಗುವುದಿಲ್ಲ. ಎರಡೂ ಕೂಡುವಲ್ಲಿ ಒಂದನ್ನೊಂದು ಹೆಣೆದುಕೊಂಡು ಹಿಂತಿರುಗುತ್ತವೆ. ಹಸಿರು ಒಡಲಿಗೆ ಕೆಂಪು ಅಂಚಿದ್ದರೆ ಅಂಚು ಶುದ್ಧ ಕೆಂಪಾಗಿರಬೇಕು. ಅಲುಗಾಡಿಸಿದಾಗ ಕೆಂಪಿನೊಳಗೆ ಹಸಿರು ಮಿನುಗಿದರೆ ಒಂದೇ ಹೊಕ್ಕು ಈ ತುದಿಯಿಂದ ಆ ತುದಿಗೆ ಓಡಿದೆ ಎಂದರ್ಥ. ಅಷ್ಟಕ್ಕೇ ಪವರ್‌ಲೂಮ್ ಅಂದುಬಿಡಬೇಡಿ, ಕೈಮಗ್ಗದಲ್ಲೂ ಒಂದೇ ಲಾಳಿಯಲ್ಲಿ ನೇಯುತ್ತಾರೆ. ಆದರೆ ಮೂರು ಲಾಳಿಯ ಬೆಲೆ ಅದಕ್ಕೆ ಸಲ್ಲದು. ಒಡಲು, ಅಂಚು ಒಂದೇ ಬಣ್ಣದ್ದಾದರೆ ಈ ಉಪಾಯ ನಡೆಯುವುದಿಲ್ಲ.

ಆಗ ಅಂಚಿನ ಕಟ್ಟಕಡೆಯ ಹೊರತುದಿಯನ್ನು ಮೊಬೈಲ್ ಟಾರ್ಚಿನ ಬೆಳಕಿಗೆ ಹಿಡಿಯಿರಿ. ಲಾಳಿಯಲ್ಲಿ ನೇಯ್ದರೆ ಹೊಕ್ಕು ತುದಿಯಲ್ಲಿ ತಿರುಗಿ ಒಳಬರುತ್ತದೆ. ಪ್ರತಿ ಎಳೆಯೂ ಕತ್ತರಿಸಿ ಜೂಲಿನಂತೆ ಹೊರಚಾಚಿದ್ದರೆ ಅದು ಲಾಳಿಯಿಲ್ಲದ ಯಂತ್ರದ್ದು, ಅನುಮಾನವೇ ಬೇಡ. ತಿರುಗಿದ್ದರೆ ಕೈಮಗ್ಗವೂ ಆಗಬಹುದು, ಲಾಳಿಯ ಪವರ್‌ಲೂಮೂ ಆಗಬಹುದು. ಆಗ ಸಣ್ಣ ಸೂಜಿತೂತುಗಳನ್ನು ನೋಡಿ. ಬಟ್ಟೆಯನ್ನು ಅಗಲಕ್ಕೆ ಎಳೆದು ಹಿಡಿಯುವ ಕಡ್ಡಿಯನ್ನು ನೇಕಾರರು ಕೈಯಿಂದ ಮುಂದೆ ಮುಂದೆ ಜರುಗಿಸುವುದರಿಂದ ತೂತುಗಳು ಬಿಟ್ಟು ಬಿಟ್ಟು ಕಾಣುತ್ತವೆ. ಯಂತ್ರದಲ್ಲಿ ಅವು ಉದ್ದಕ್ಕೂ ಒಂದೇ ಸಮ. ವಿನ್ಯಾಸಕ್ಕೆ ಬೇಕಾದ ಎಳೆಗಳನ್ನು ಎತ್ತಿಕೊಡುವ ಜಕಾರ್ಡ್ ಸಾಧನದ ವಿನ್ಯಾಸ ಕಂಡೊಡನೆ ಯಂತ್ರದ್ದು ಅನ್ನುವುದು ತಪ್ಪು, ಕೈಮಗ್ಗದ ಮೇಲೂ ಜಕಾರ್ಡ್ ಕೂರುತ್ತದೆ.

ಜರಿಯ ಎಳೆಯೊಂದನ್ನು ಉಗುರಿನಿಂದ ಕೆರೆಯಿರಿ. ಅಪ್ಪಟ ಜರಿ ಅಂದರೆ ರೇಷ್ಮೆ ದಾರಕ್ಕೆ ಬೆಳ್ಳಿ ತಂತಿ ಸುತ್ತಿ, ಮೇಲೆ ಚಿನ್ನದ ಲೇಪ. ಕೆರೆದಾಗ ಬಿಳಿ ಕಾಣಬೇಕು. ತಾಮ್ರದ ಕೆಂಪು ಕಂಡರೆ ಅದು ತಾಮ್ರದ ತಂತಿಯ 'ಟೆಸ್ಟೆಡ್ ಜರಿ'. ಸುಟ್ಟಾಗ ಕರಗಿ ಮಣಿಯಾದರೆ ಪ್ಲಾಸ್ಟಿಕ್. ಒಳಗಿನ ದಾರ ಕೆಂಪಗಿದೆ ಎಂದು ತೋರಿಸಿದರೆ ನಂಬಬೇಡಿ, ನಕಲಿ ಜರಿಯಲ್ಲೂ ದಾರಕ್ಕೆ ಕೆಂಪು ಬಣ್ಣ ಹಾಕುತ್ತಾರೆ.

ಮುಯ್ಯಿಗೆ ಹತ್ತು ಸೀರೆ ಬೇಕಾದಾಗ ಪವರ್‌ಲೂಮ್ ಕೊಳ್ಳುವುದರಲ್ಲಿ ನಾಚಿಕೆ ಏನಿಲ್ಲ. ಅದನ್ನು ಧಾರೆ ಸೀರೆಯ ಬೆಲೆಗೆ ಮಾರಿದರೆ ತಕರಾರು. ಅದಕ್ಕೇ ದುಡ್ಡು ಕೊಡುವ ಮುಂಚೆ, 'ಅಣ್ಣಾರೆ, ಶುದ್ಧ ರೇಷ್ಮೆ, ಕೈಮಗ್ಗ, ಮೂರು ಲಾಳಿ, ಯಾವ ಜರಿ ಅಂತ ಬಿಲ್ಲಿನಾಗೆ ಬರೆದು ಕೊಡ್ರಿ' ಅನ್ನಿ. ಬಾಯಲ್ಲಿ ಅಸಲಿ ಅಂದು 'ಫ್ಯಾನ್ಸಿ ಸೀರೆ – 1' ಎಂದು ಬರೆಯುವವರ ಅಂಗಡಿಯಿಂದ ಎದ್ದು ಬನ್ನಿ. ಬಿಲ್ಲು, ಚೀಟಿ, ಕತ್ತರಿಸಿದ ಎಳೆ ಮೂರನ್ನೂ ಒಂದು ಲಕೋಟೆಯಲ್ಲಿಡಿ. ಆಮೇಲೆ ಮೋಸ ತಿಳಿದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ.