ಊರೂರಲ್ಲಿ ಕೂತು ಒಂದೇ ಆಫೀಸು: ಕಲಬುರಗಿಯ ನಮ್ಮ ಜಿಎಸ್‌ಟಿ ತಂಡ

ನಮ್ಮದು ಜಿಎಸ್‌ಟಿ ಮತ್ತು ಅಕೌಂಟ್ಸ್ ಕೆಲಸ. ನೆಹರೂ ಗಂಜ್‌ನ ದಾಲ್ ಮಿಲ್‌ಗಳು, ಅಡತಿ ಅಂಗಡಿಗಳು, ಸೂಪರ್ ಮಾರ್ಕೆಟ್ ಪ್ರದೇಶದ ಬಟ್ಟೆ ವ್ಯಾಪಾರಿಗಳು ನಮ್ಮ ಪಾರ್ಟಿಗಳು, ಅಂದರೆ ಗಿರಾಕಿಗಳು. ಬೆಂಗಳೂರಿನ ಕೆಲವು ಆಡಿಟರ್‌ಗಳೂ ಫೈಲು ಕಳಿಸುತ್ತಾರೆ. ಕಲಬುರಗಿಯಲ್ಲಿ ಆಫೀಸು ಅಂತ ಇರುವುದು ಒಂದು ಕೋಣೆ. ಅಲ್ಲಿ ನಾನು ಮತ್ತು ಒಬ್ಬ ಹುಡುಗ ಇರುತ್ತೇವೆ. ಉಳಿದವರು ಸೇಡಂ, ಹುಮನಾಬಾದ್, ಶಹಾಪುರ, ಬಸವಕಲ್ಯಾಣ, ಯಾದಗಿರಿಯಲ್ಲಿ ತಮ್ಮ ತಮ್ಮ ಮನೆಯಲ್ಲೇ ಕೂತು ಕೆಲಸ ಮಾಡುತ್ತಾರೆ. ಅವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ.

ಹೀಗಾಗಲು ಮೊದಲ ಕಾರಣ ಮದುವೆ. ಬಿ.ಕಾಂ. ಮುಗಿಸಿದ ಹುಡುಗಿಯರು ಕೆಲಸಕ್ಕೆ ಬರುತ್ತಿದ್ದರು. ಲೆಕ್ಕ ಇಡುವ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಎಂಟ್ರಿ ಹಾಕುವುದನ್ನು ಬೇಗ ಕಲಿಯಬಹುದು. ಆದರೆ ಯಾವ ಪಾರ್ಟಿ ಬಿಲ್ ತಡವಾಗಿ ಕೊಡುತ್ತದೆ, ಯಾರ ಖರೀದಿ ಯಾವ ತಿಂಗಳು ಏರುತ್ತದೆ ಅನ್ನುವುದು ತಿಳಿಯಬೇಕಾದರೆ ಒಂದು ಪೂರ್ತಿ ವರ್ಷ ಬೇಕು. ಅಷ್ಟೊತ್ತಿಗೆ ಮದುವೆ ಗೊತ್ತಾಗುತ್ತಿತ್ತು. ಗಂಡನ ಊರು ಸೇಡಂ ಆದರೆ ಸೇಡಂ, ಹುಮನಾಬಾದ್ ಆದರೆ ಹುಮನಾಬಾದ್. ಕಲಿತ ಕೈ ಮನೆಯಲ್ಲಿ ಸುಮ್ನೆ ಕೂರುತ್ತಿತ್ತು, ನಾನು ಮತ್ತೆ ಹೊಸಬರಿಗೆ ಕಲಿಸುತ್ತಿದ್ದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಎಲ್ಲರೂ ಮನೆಯಿಂದಲೇ ಟ್ಯಾಲಿ ತೆರೆದರು, ತೆರಿಗೆ ರಿಟರ್ನ್‌ಗಳು ಹೋದವು. ಹಾಗಿದ್ದರೆ ಮದುವೆಯಾಗಿ ಹೋದವರನ್ನೂ ಯಾಕೆ ಕರೆಯಬಾರದು ಅಂತ ಒಬ್ಬೊಬ್ಬರಿಗೇ ಫೋನ್ ಮಾಡಿದೆ.

ಇಷ್ಟು ವರ್ಷ ಈ ತಂಡ ನಡೆಸಿದ ಮೇಲೆ ನನಗೆ ಒಂದು ಮಾತು ಖಾತ್ರಿಯಾಗಿದೆ. ಕೆಲಸದಲ್ಲಿ ಬಂದ ಅಡ್ಡಿ ನಮಗೆ ಎಷ್ಟು ಬೇಗ ತಿಳಿಯುತ್ತದೆ ಅನ್ನುವುದರ ಮೇಲೆ ದೂರದ ತಂಡ ನಿಲ್ಲುತ್ತದೆ. ಎದುರಿಗೆ ಕೂತವಳ ಮುಖ ನೋಡಿದರೆ ಲೆಕ್ಕ ಕೂಡುತ್ತಿಲ್ಲ ಅಂತ ಗೊತ್ತಾಗುತ್ತದೆ. ಶಹಾಪುರದಲ್ಲಿ ಇರುವವಳು ಎರಡು ದಿನ ಸುಮ್ಮನಿದ್ದರೆ ಕೆಲಸ ಸರಾಗವಾಗಿದೆಯೋ ಎಲ್ಲಾದರೂ ಸಿಕ್ಕಿಹಾಕಿಕೊಂಡಿದೆಯೋ ತಿಳಿಯುವುದಿಲ್ಲ. ನಾನು ಮಾಡಿದ ಏರ್ಪಾಡುಗಳೆಲ್ಲ ಆ ಮೌನ ಒಡೆಯಲಿಕ್ಕೆ ಮಾಡಿದವು.

ನಮ್ಮ ಕೆಲಸಕ್ಕೆ ತಾರೀಖುಗಳ ಕಟ್ಟು ಇದೆ. ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಹಿಡಿದ ತೆರಿಗೆ, ಕಟ್ಟಲು 7. ತಿಂಗಳ ರಿಟರ್ನ್ ಹಾಕುವವರ ಜಿಎಸ್‌ಟಿಆರ್-1ಕ್ಕೆ, ಅಂದರೆ ಮಾರಾಟದ ಲೆಕ್ಕಕ್ಕೆ, 11. 14ಕ್ಕೆ 2ಬಿ ಬರುತ್ತದೆ, ಅಂದರೆ ಮಾಲು ಮಾರಿದವರು ತೋರಿಸಿದ ಬಿಲ್‌ಗಳ ಪಟ್ಟಿ. 20ಕ್ಕೆ 3ಬಿ, ಅಂದರೆ ತೆರಿಗೆ ಲೆಕ್ಕ ಹಾಕಿ ಕಟ್ಟುವ ರಿಟರ್ನ್. ದಾಟಿದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ವ್ಯವಹಾರವೇ ಇಲ್ಲದ ನಿಲ್ ರಿಟರ್ನ್ ಆದರೆ 20. ಕಟ್ಟಬೇಕಾದ ತೆರಿಗೆ ತಡವಾದರೆ ವರ್ಷಕ್ಕೆ ಶೇ 18ರ ಬಡ್ಡಿ ಬೇರೆ. 14ರಿಂದ 20ರವರೆಗಿನ ದಿನಗಳು ನಮಗೆ ಬಹಳ ಬಿಗಿ. ಪಾರ್ಟಿಯ ಖರೀದಿ ಬಿಲ್ಲು 2ಬಿಯಲ್ಲಿ ಕಾಣದಿದ್ದರೆ ಆ ತಿಂಗಳು ಅದರ ಐಟಿಸಿ, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯ ವಜಾ, ಸಿಗುವುದಿಲ್ಲ. ಮಾರಿದವನಿಗೆ ಫೋನ್ ಮಾಡಬೇಕು, ಇವರಿಗೆ ಹೇಳಬೇಕು, ಚಲನ್ ಮೊತ್ತ ಬದಲಾಗುತ್ತದೆ, ವ್ಯಾಪಾರಿ ರೊಕ್ಕ ಹೊಂದಿಸಬೇಕು. 19ನೇ ತಾರೀಖು ಸಂಜೆ ಒಂದು ದೊಡ್ಡ ಬಿಲ್ ಕಾಣುತ್ತಿಲ್ಲ ಅಂತ ತಿಳಿದರೆ ಯಾರೂ ಏನೂ ಮಾಡಲಾರರು. 15ಕ್ಕೆ ತಿಳಿದರೆ ದಾರಿ ಇದೆ.

ಅದಕ್ಕೆ ಒಂದು ಶೀಟ್ ಇಟ್ಟೆವು. ಗೂಗಲ್ ಶೀಟ್, ಎಲ್ಲರ ಮೊಬೈಲ್‌ನಲ್ಲೂ ತೆರೆಯುತ್ತದೆ. ಒಂದು ಪಾರ್ಟಿಗೆ ಒಂದು ಸಾಲು. ಬಿಲ್ ಬಂತಾ, ಎಂಟ್ರಿ ಆಯ್ತಾ, ಜಿಎಸ್‌ಟಿಆರ್-1 ಹೋಯ್ತಾ, 2ಬಿ ತಾಳೆ ಆಯ್ತಾ, ಚಲನ್ ಕಟ್ಟಿದರಾ, 3ಬಿ ಹೋಯ್ತಾ ಅಂತ ಕಾಲಂಗಳು. ಕೊನೆಯ ಎರಡು ಕಾಲಂ ನಮಗೆ ಬಹಳ ಮುಖ್ಯ: ‘ಈಗ ಯಾರ ಕೈಯಲ್ಲಿದೆ’ ಮತ್ತು ‘ಅಡ್ಡಿ ಏನು’. ಕೈಯಲ್ಲಿರುವವರ ಜಾಗದಲ್ಲಿ ಒಂದೇ ಹೆಸರು ಇರಬೇಕು. ಇಬ್ಬರ ಹೆಸರು ಹಾಕುವಂತಿಲ್ಲ. ಕೆಲಸ ಪಾರ್ಟಿಯಿಂದಲೇ ನಿಂತಿದ್ದರೂ ಅವರನ್ನು ಕೇಳಿ ತರಬೇಕಾದ ನಮ್ಮವರ ಹೆಸರೇ ಅಲ್ಲಿರುತ್ತದೆ. ಸಂಜೆ ಕೆಲಸ ಮುಗಿಸುವ ಮೊದಲು ಪ್ರತಿಯೊಬ್ಬರೂ ತಮ್ಮ ಸಾಲುಗಳಲ್ಲಿ ಅಡ್ಡಿಯ ಕಾಲಂ ತುಂಬಬೇಕು. ಅಡ್ಡಿ ಇಲ್ಲದಿದ್ದರೆ ‘ಇಲ್ಲ’ ಅಂತ ಬರೆಯಬೇಕು. ಖಾಲಿ ಬಿಟ್ಟರೆ ಮರುದಿನ ಬೆಳಗ್ಗೆ ನನ್ನ ಮೊದಲ ಫೋನ್ ಅವರಿಗೇ.

ಈ ಕಾಲಂ ತುಂಬಿಸುವುದರಲ್ಲಿ ಭಾಷೆಯ ಪಾತ್ರ ದೊಡ್ಡದು. ನಮ್ಮವರು ಕನ್ನಡ ಮಾಧ್ಯಮದಲ್ಲಿ ಓದಿದವರು. ಬಸವಕಲ್ಯಾಣದವಳಿಗೆ ಮನೆಯಲ್ಲಿ ಮರಾಠಿ, ಇನ್ನೊಬ್ಬಳ ಮನೆಯಲ್ಲಿ ಉರ್ದು. ಬೆಂಗಳೂರಿನ ಆಡಿಟರ್‌ಗಳ ಜೊತೆ ಇಂಗ್ಲಿಷ್‌ನಲ್ಲಿ ಮೇಲ್ ಹೋಗಬೇಕು. ಅದನ್ನು ನಾನು ನೋಡಿಕೊಳ್ಳುತ್ತೇನೆ. ತಂಡದ ಒಳಗೆ ಮಾತ್ರ ಹೇಗೆ ಬರುತ್ತದೋ ಹಾಗೆ ಬರೆಯಿರಿ ಅಂತ ಹೇಳಿದ್ದೇನೆ. ಬರೆಯಲು ಬೇಜಾರಾದರೆ ವಾಟ್ಸಾಪ್‌ನಲ್ಲಿ ವಾಯ್ಸ್ ಕಳಿಸಿ. ‘ಅಕ್ಕಾ, ಪಾರ್ಟಿ ಬಿಲ್ ಕೊಟ್ಟಿಲ್ರಿ, ಫೋನ್ ಎತ್ತವಲ್ರು’ ಅಂತ ಒಂದು ಸಾಲು ಬಂದರೆ ಸಾಕು, ನಾನು ಗಂಜ್‌ಗೆ ಹೋಗಿ ಅವರ ಅಂಗಡಿಯಲ್ಲಿ ಕೂತು ಬಿಲ್ ತರಬಲ್ಲೆ. ಇದೇ ಮಾತನ್ನು ಇಂಗ್ಲಿಷ್‌ನಲ್ಲಿ ಚೆಂದ ಮಾಡಿ ಬರೆಯಬೇಕು ಅಂದರೆ ಆ ಹುಡುಗಿ ನಾಳೆ ಬರೆಯೋಣ ಅಂತ ಬಿಡುತ್ತಾಳೆ. ಆ ಒಂದು ನಾಳೆ ನಮಗೆ ದುಬಾರಿ.

ಮತ್ತೊಂದು ನಮ್ಮ ‘ಸಂಶಯದ ಪುಸ್ತಕ’. ಇದೂ ಒಂದು ಶೀಟೇ. ಯಾರಿಗೆ ಏನು ಅನುಮಾನ ಬಂದರೂ ಅಲ್ಲಿ ಬರೆಯಬೇಕು, ಉತ್ತರವನ್ನೂ ಅಲ್ಲೇ ಬರೆಯುತ್ತೇವೆ. ಉದಾಹರಣೆಗೆ ನಮ್ಮ ತೊಗರಿ ಬೇಳೆ. ಬಿಡಿಯಾಗಿ ಮಾರಿದರೆ ತೆರಿಗೆ ಇಲ್ಲ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ, 25 ಕೆಜಿವರೆಗಿನ ಚೀಲಕ್ಕೆ ಶೇ 5 ಬಂತು. 25 ಕೆಜಿ ಮೀರಿದ ಚೀಲಕ್ಕೆ ಇಲ್ಲ. ಒಂದೇ ಮಿಲ್ಲು, ಒಂದೇ ಬೇಳೆ, ಚೀಲದ ತೂಕದ ಮೇಲೆ ಬಿಲ್ಲು ಬೇರೆ. ಡಿಸೆಂಬರ್, ಜನವರಿಯಿಂದ ಗಂಜ್‌ಗೆ ಹೊಸ ತೊಗರಿ ಬರತೊಡಗಿದರೆ ಈ ಪ್ರಶ್ನೆ ದಿನಾ ಬರುತ್ತದೆ. ಒಮ್ಮೆ ಬರೆದಿಟ್ಟರೆ ಯಾದಗಿರಿಯವಳು ಕೇಳಿದ್ದನ್ನು ಹುಮನಾಬಾದಿನವಳು ಮತ್ತೆ ಕೇಳಬೇಕಿಲ್ಲ. ಫೋನ್‌ನಲ್ಲಿ ಹೇಳಿದ ಉತ್ತರ ಕೇಳಿದವರೊಬ್ಬರಿಗೇ ಗೊತ್ತು, ಅದು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಯಾರಾದರೂ ಫೋನ್ ಮಾಡಿ ಕೇಳಿದರೆ ಉತ್ತರ ಹೇಳುತ್ತೇನೆ, ಹೇಳಿದ ಕೂಡಲೇ ‘ಪುಸ್ತಕಕ್ಕೆ ಹಾಕು’ ಅನ್ನುತ್ತೇನೆ.

ಇನ್ನು ಮನೆಯ ಮಾತು. ಮ್ಯಾನೇಜ್‌ಮೆಂಟ್ ಪಾಠಗಳಲ್ಲಿ ಇದು ಎಲ್ಲೂ ಸಿಗುವುದಿಲ್ಲ, ನಮ್ಮ ಕಡೆ ತಂಡ ಕಟ್ಟುವವರಿಗೆ ಇದೇ ಅರ್ಧ ಕೆಲಸ. ಸೊಸೆ ಮನೆಯಲ್ಲೇ ಇದ್ದಾಳೆ, ಲ್ಯಾಪ್‌ಟಾಪ್ ಮುಂದೆ ಕೂತಿದ್ದಾಳೆ. ಅತ್ತೆಯ ಕಣ್ಣಿಗೆ ಅದು ಕೆಲಸದ ಹಾಗೆ ಕಾಣುವುದಿಲ್ಲ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಬೀಗರು ಬಂದರೆ ಚಹಾ ಮಾಡಬೇಕು, ರೊಟ್ಟಿ ಬಡಿಯಬೇಕು, ಮಗು ಅತ್ತರೆ ಎತ್ತಿಕೊಳ್ಳಬೇಕು. ಅದಕ್ಕೆ ಯಾರನ್ನೇ ಸೇರಿಸಿಕೊಂಡರೂ ಮೊದಲು ಅವರ ಮನೆಗೆ ಹೋಗುತ್ತೇನೆ. ಅತ್ತೆ, ಮಾವ, ಗಂಡ ಎಲ್ಲರ ಜೊತೆ ಕೂತು ಮಾತಾಡುತ್ತೇನೆ. ಯಾವ ಕೆಲಸ, ತಿಂಗಳಿಗೆ ಎಷ್ಟು ಪಗಾರ, ಯಾವ ಹೊತ್ತಲ್ಲಿ ಅವಳು ಎದ್ದು ಬರಲಾಗುವುದಿಲ್ಲ ಅಂತ ಬಿಡಿಸಿ ಹೇಳುತ್ತೇನೆ. ‘ಅತ್ತೆಮ್ಮಾ, ಮುಂಜಾನೆ 9ರಿಂದ 1ರ ತನಕ ಈಕಿ ಆಫೀಸಿಗೆ ಹೋಗ್ಯಾಳ ಅಂತ ತಿಳ್ಕೋರಿ’ ಅಂದರೆ ಅವರಿಗೆ ಅರ್ಥವಾಗುತ್ತದೆ. ಹುಮನಾಬಾದಿನ ಅತ್ತೆಯೊಬ್ಬರು ಈಗ 14ನೇ ತಾರೀಖಿನಿಂದ ತಾವೇ ಅಡುಗೆ ಹಿಡಿಯುತ್ತಾರೆ, ಸೊಸೆಗೆ ‘ನಿನ್ನ ಇಪ್ಪತ್ತನೇ ತಾರೀಖು ಮುಗೀಲಿ’ ಅನ್ನುತ್ತಾರೆ. ಆ ಮನೆಯವರ ಋಣ ನನ್ನ ಮೇಲಿದೆ.

ಇದೇ ಕಾರಣಕ್ಕೆ ನಮ್ಮ ಬೆಳಗಿನ ಮೀಟಿಂಗ್‌ನಲ್ಲಿ ವಿಡಿಯೋ ಇಲ್ಲ. ಬರೀ ದನಿ, ಕಾಲು ಗಂಟೆ. ತುಂಬಿದ ಮನೆಯಲ್ಲಿ ಕ್ಯಾಮೆರಾ ಹಾಕಿ ಅಂದರೆ ಅವಳು ಮೊದಲು ಗೋಡೆ ಹುಡುಕಬೇಕು. ಮಾತು ಕೇಳಿಸಿದರೆ ನಮಗೆ ಸಾಕು. ಮೀಟಿಂಗ್‌ನಲ್ಲಿ ಮುಗಿದ ಕೆಲಸ ಓದುವುದಿಲ್ಲ, ಅದು ಶೀಟ್‌ನಲ್ಲಿ ಇದೆ. ಅಡ್ಡಿಯ ಸಾಲುಗಳನ್ನು ಮಾತ್ರ ತೆಗೆದುಕೊಳ್ಳುತ್ತೇವೆ.

ಕರೆಂಟು ಮತ್ತು ಬಿಸಿಲು ನಮ್ಮ ಭಾಗದ ದೊಡ್ಡ ಸಂಗತಿಗಳು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿಯ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ನಡೆಯುತ್ತವೆ. ತಗಡಿನ ಮಾಳಿಗೆಯ ಕೋಣೆಯಲ್ಲಿ ಕೂತವಳಿಗೆ ಮಧ್ಯಾಹ್ನ 3ಕ್ಕೆ ಬಿಲ್ ತಾಳೆ ನೋಡು ಅನ್ನುವುದು ಅನ್ಯಾಯ, ಆ ಹೊತ್ತಲ್ಲಿ ತಪ್ಪುಗಳೂ ಜಾಸ್ತಿ. ಆ ಎರಡು ತಿಂಗಳು ನಾವು ಬೆಳಗ್ಗೆ 7ಕ್ಕೆ ಶುರು ಮಾಡಿ 12ಕ್ಕೆ ನಿಲ್ಲಿಸುತ್ತೇವೆ, ಉಳಿದದ್ದು ಹೊತ್ತು ಇಳಿದ ಮೇಲೆ. ಬೆಂಗಳೂರಿನ ಆಡಿಟರ್‌ಗಳಿಗೆ ಮಾರ್ಚ್‌ನಲ್ಲೇ ಈ ಸಮಯ ತಿಳಿಸಿಬಿಡುತ್ತೇನೆ. ಯಾರೂ ಇದುವರೆಗೆ ಬೇಡ ಅಂದಿಲ್ಲ.

ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುತ್ತದೆ, ವೈಫೈ ಡಬ್ಬಿ ಮಾತ್ರ ಸತ್ತುಹೋಗುತ್ತದೆ. ಅದಕ್ಕೆ ಅಂತಲೇ ಸಣ್ಣ ಯುಪಿಎಸ್ ಸಿಗುತ್ತದೆ, ದೊಡ್ಡ ಇನ್ವರ್ಟರ್‌ಗಿಂತ ಬಹಳ ಅಗ್ಗ. ಎಲ್ಲರ ಮನೆಗೂ ನಾನೇ ಕೊಡಿಸಿದ್ದೇನೆ. ಅದರ ಜೊತೆ ವೈಫೈ ಯಾವ ಕಂಪನಿಯದೋ ಅದು ಬಿಟ್ಟು ಬೇರೆ ಕಂಪನಿಯ ಸಿಮ್, ಹಾಟ್‌ಸ್ಪಾಟ್‌ಗೆ. ಒಂದರ ಲೈನ್ ಕಿತ್ತರೂ ಇನ್ನೊಂದು ಇರಲಿ ಅಂತ. ಈ ಖರ್ಚು ಆಫೀಸಿನದು. ಕೆಲಸದವರ ಪಗಾರದಲ್ಲಿ ಅದನ್ನು ಮುರಿಯಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕೋಣೆ ಬಾಡಿಗೆ, ಕುರ್ಚಿ, ಫ್ಯಾನು ಉಳಿಸಿದ್ದೇನಲ್ವಾ, ಅದರಲ್ಲೇ ಬಂತು.

ಪಗಾರವೂ ಅಷ್ಟೇ. ಎಂಟ್ರಿಗೆ ಇಷ್ಟು, ರಿಟರ್ನ್‌ಗೆ ಇಷ್ಟು ಅಂತ ಕೊಡುವ ಪದ್ಧತಿ ಈ ಧಂದೆಯಲ್ಲಿ ಇದೆ. ನಾನು ತಿಂಗಳ ಪಗಾರ ಕೊಡುತ್ತೇನೆ. ಎಣಿಸಿ ಕೊಟ್ಟರೆ ಅನುಮಾನದ ಬಿಲ್ಲಿನ ಮುಂದೆ ನಿಂತು ಯೋಚಿಸಿದವಳಿಗೇ ನಷ್ಟ. ಕಣ್ಣುಮುಚ್ಚಿ ಹಾಕಿ ಮುಂದೆ ಹೋದವಳಿಗೆ ಲಾಭ. ನನಗೆ ಬೇಕಾದವಳು ನಿಂತು ಯೋಚಿಸುವವಳು.

ಮೇಲ್ವಿಚಾರಣೆಗೆ ಅಂತ ಸ್ಕ್ರೀನ್ ಫೋಟೋ ಹಿಡಿಯುವ ಸಾಫ್ಟ್‌ವೇರ್ ಮಾರುವವರು ಬಂದಿದ್ದರು. ಬೇಡ ಅಂದೆ. ನಮ್ಮ ಟ್ಯಾಲಿ ಕ್ಲೌಡ್‌ನಲ್ಲಿದೆ, ಮನೆಯ ಲ್ಯಾಪ್‌ಟಾಪ್‌ನಲ್ಲಿ ಪಾರ್ಟಿಗಳ ಡೇಟಾ ಉಳಿಯುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಲಾಗಿನ್. ಯಾವ ವೋಚರ್ ಯಾರು ಯಾವಾಗ ತಿದ್ದಿದರು ಅನ್ನುವುದು ಎಡಿಟ್ ಲಾಗ್‌ನಲ್ಲಿ ಸಿಗುತ್ತದೆ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕಕ್ಕೆ ಇಂಥ ದಾಖಲೆ ಕಡ್ಡಾಯವೂ ಆಗಿದೆ. ನಾವು ಸಣ್ಣ ಅಂಗಡಿಗಳ ಲೆಕ್ಕದಲ್ಲೂ ಅದನ್ನು ಇಟ್ಟಿದ್ದೇವೆ. ತಪ್ಪು ಸಿಕ್ಕರೆ ಹೆಸರು ಹಿಡಿದು ಗ್ರೂಪ್‌ನಲ್ಲಿ ಬೈಯುವುದಿಲ್ಲ. ಸಂಬಂಧಪಟ್ಟವಳಿಗೆ ಫೋನ್ ಮಾಡಿ ಜೊತೆಗೇ ತಿದ್ದುತ್ತೇವೆ. ಒಬ್ಬಳು ಎಲ್ಲರ ಮುಂದೆ ಬೈಸಿಕೊಂಡರೆ ಉಳಿದವರೂ ಅಡ್ಡಿಯ ಕಾಲಂನಲ್ಲಿ ‘ಇಲ್ಲ’ ಅಂತ ಬರೆಯಲು ಕಲಿತುಬಿಡುತ್ತಾರೆ.

ಎಲ್ಲವೂ ದೂರದಿಂದ ಆಗುವುದಿಲ್ಲ. ಕಂಪನಿ, ಎಲ್‌ಎಲ್‌ಪಿಗಳ (ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆಗಳ) ರಿಟರ್ನ್‌ಗೆ ಡಿಎಸ್‌ಸಿ, ಅಂದರೆ ಡಿಜಿಟಲ್ ಸಹಿ, ಬೇಕು. ಆ ಟೋಕನ್ ಕಂಪ್ಯೂಟರ್‌ಗೆ ಚುಚ್ಚಲೇಬೇಕು, ಅದು ಕಲಬುರಗಿ ಕೋಣೆಯ ಕಪಾಟಿನಲ್ಲೇ ಬೀಗದೊಳಗೆ ಇರುತ್ತದೆ. ಒಬ್ಬರದೇ ಅಂಗಡಿಯಾದರೆ ಒಟಿಪಿ ಸಾಕು, ಅದು ವ್ಯಾಪಾರಿಯ ಮೊಬೈಲ್‌ಗೆ ಹೋಗುತ್ತದೆ. ಅವರು ಗಿರಾಕಿಗಳ ನಡುವೆ ಇರುತ್ತಾರೆ. ಹಾಗಾಗಿ ಒಟಿಪಿ ಕೇಳುವ ಹೊತ್ತನ್ನು ಮೊದಲೇ ಗೊತ್ತುಮಾಡಿಕೊಂಡು, ಅವರಿಗೆ ಪರಿಚಯವಿರುವ ದನಿಯೇ ಫೋನ್ ಮಾಡುತ್ತದೆ. ಒಟಿಪಿ ಹೆಸರಲ್ಲಿ ಮೋಸ ಇಷ್ಟು ನಡೆಯುವಾಗ ಗುರುತಿಲ್ಲದ ಹುಡುಗಿ ಕೇಳಿದರೆ ಅವರು ಕೊಡಲೂಬಾರದು. ಕಾಗದದ ಬಿಲ್ಲುಗಳನ್ನು ಕೋಣೆಯಲ್ಲಿರುವ ಹುಡುಗ ಗಂಜ್ ಸುತ್ತಿ ತಂದು, ಸ್ಕ್ಯಾನ್ ಮಾಡಿ, ಪಾರ್ಟಿ ಹೆಸರಿನ ಫೋಲ್ಡರ್‌ಗೆ ಹಾಕುತ್ತಾನೆ. ಅವನಿಲ್ಲದೆ ಈ ತಂಡ ಒಂದು ವಾರವೂ ನಡೆಯದು.

ಹೊಸಬರನ್ನು ನೇರವಾಗಿ ಮನೆಯಿಂದ ಶುರು ಮಾಡಿಸುವುದಿಲ್ಲ. ಒಂದು ಪೂರ್ತಿ ರಿಟರ್ನ್ ಸುತ್ತು, ಅಂದರೆ 1ನೇ ತಾರೀಖಿನಿಂದ 20ರವರೆಗೆ, ಕಲಬುರಗಿಗೆ ಬಂದು ನನ್ನ ಪಕ್ಕದಲ್ಲಿ ಕೂರಬೇಕು. ಯಾದಗಿರಿಯಿಂದ ರೈಲು ಮೊದಲಿನಿಂದಲೂ ಇತ್ತು. 2017ರ ಅಕ್ಟೋಬರ್‌ನಲ್ಲಿ ಬೀದರ್–ಕಲಬುರಗಿ ಮಾರ್ಗ ಶುರುವಾದ ಮೇಲೆ ಹುಮನಾಬಾದಿನವರಿಗೂ ರೈಲು ಸಿಕ್ಕಿದೆ. ಗಂಜ್‌ಗೆ ಕರೆದುಕೊಂಡು ಹೋಗಿ ಪಾರ್ಟಿಗಳಿಗೆ ಪರಿಚಯ ಮಾಡಿಸುತ್ತೇನೆ. ಬೇಳೆ ಮಿಲ್ಲಿನ ಧೂಳು, ಸದ್ದಿನ ನಡುವೆ ಮುನೀಮರು ಹೇಗೆ ಬಿಲ್ ಬರೆಯುತ್ತಾರೆ ಅಂತ ನೋಡಿದವಳಿಗೆ, ಮುಂದೆ ಮನೆಯಲ್ಲಿ ಕೂತಾಗ ಆ ಬಿಲ್ಲಿನ ಗೀಚು ಅರ್ಥವಾಗುತ್ತದೆ. ಆಮೇಲೆ ಮೂರು ತಿಂಗಳು ಒಬ್ಬ ಹಳಬಳ ಜೊತೆ ಜೋಡಿ.

ರಜೆಗೂ ಜೋಡಿಯೇ ಆಸರೆ. ಎಳ್ಳ ಅಮಾವಾಸ್ಯೆಗೆ ನಮ್ಮ ಕಡೆ ಇಡೀ ಮನೆ ಹೊಲಕ್ಕೆ ಹೋಗುತ್ತದೆ, ಭಜ್ಜಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು. ಆ ದಿನ ಲ್ಯಾಪ್‌ಟಾಪ್ ತೆರೆ ಅನ್ನಲು ನನಗೂ ಮನಸ್ಸಿಲ್ಲ. ಹೋಳಿ ಆದ ಮೇಲೆ ಶರಣಬಸವೇಶ್ವರ ಜಾತ್ರೆ, ಅದಲ್ಲದೆ ರಂಜಾನ್, ಉರುಸ್. ವರ್ಷದ ಶುರುವಿನಲ್ಲೇ ಹಬ್ಬಗಳನ್ನು 11 ಮತ್ತು 20ರ ಪಕ್ಕದಲ್ಲಿಟ್ಟು ನೋಡುತ್ತೇವೆ. ಯಾರ ಹಬ್ಬಕ್ಕೆ ಯಾರು ಕೂರುತ್ತಾರೆ ಅಂತ ಅವರೇ ಹಂಚಿಕೊಳ್ಳುತ್ತಾರೆ.

ಈಗ ಹುಮನಾಬಾದಿನವಳಿಗೆ 2ಬಿ ತಾಳೆಯ ಪೂರ್ತಿ ಜವಾಬ್ದಾರಿ ಕೊಟ್ಟಿದ್ದೇನೆ. 15ನೇ ತಾರೀಖು ಬೆಳಗಿನ ಮೀಟಿಂಗ್ ನಡೆಸುವುದು ಅವಳೇ. ಶಹಾಪುರದವಳ ಗೆಳತಿಯರಿಬ್ಬರು ಕೆಲಸ ಕೇಳಿದ್ದಾರೆ. ಮುಂದಿನ ತಿಂಗಳು 1ನೇ ತಾರೀಖಿಗೆ ಬರಲು ಹೇಳಿದ್ದೇನೆ, ಅದಕ್ಕೆ ಮೊದಲು ಅವರ ಮನೆಗೆ ಹೋಗಿ ಬರಬೇಕು.